ಜೇಬಿನಲ್ಲಿ ಕೆಂಡ, ಮಡಿಲಲ್ಲಿ ಕೂಸು!

ತೆರೆಯ ಮೇಲೆ ಪವರ್ ಸ್ಟಾರ್. ಕೆಳಗೆ ಸಿಳ್ಳೆ, ಚಪ್ಪಾಳೆ, ಹರಿದ ಕಾಗದದ ಮಳೆ. ನನ್ನ ಮಡಿಲಲ್ಲಿ ಅಕ್ಕನ ಮಗಳು, ನಾಲ್ಕು ವರ್ಷದ ಪುಟ್ಟಿ, ಅಷ್ಟು ಗದ್ದಲದಲ್ಲೂ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದಾಳೆ. ಇದ್ದಕ್ಕಿದ್ದ ಹಾಗೆ ನನ್ನ ಬಲ ತೊಡೆ ಬೆಚ್ಚಗಾಯಿತು. ‘ಅಯ್ಯೋ, ಕೂಸು ಉಚ್ಚೆ ಹೊಯ್ಕೊಂಡ್ತಲ್ಲಪ್ಪಾ’ ಅಂದುಕೊಂಡೆ. ಕೈ ಹಾಕಿ ನೋಡಿದರೆ ಒಣಗಿದೆ! ಬೆಚ್ಚಗಿದ್ದದ್ದು ಬಿಸಿಯಾಯಿತು. ಬಿಸಿಯಿದ್ದದ್ದು ಸುಡತೊಡಗಿತು.

ಇದು ನಡೆದದ್ದು 2025ರ ಮಾರ್ಚ್ ತಿಂಗಳಲ್ಲಿ, ದಾವಣಗೆರೆಯಲ್ಲಿ. ಪುನೀತ್ ರಾಜ್‌ಕುಮಾರ್ ಇದ್ದಿದ್ದರೆ ಆ ತಿಂಗಳು 17ಕ್ಕೆ ಅವರಿಗೆ 50 ತುಂಬುತ್ತಿತ್ತು. ಅದರ ನೆನಪಿಗೆ 2002ರ ‘ಅಪ್ಪು’ ಮತ್ತೆ ತೆರೆಗೆ ಬಂದಿತ್ತು. ನಾನು ಅದನ್ನು ಮೊದಲು ನೋಡಿದ್ದು ಐದು ವರ್ಷದ ಹುಡುಗನಾಗಿ, ಅಪ್ಪನ ಹೆಗಲ ಮೇಲೆ ಕೂತು. ಈ ಸಲ ನನ್ನ ಮಡಿಲಲ್ಲಿ ಪುಟ್ಟಿ. ಥಿಯೇಟರಿನ ಹೆಸರು ಬೇಡ. ಅವರದೇನೂ ತಪ್ಪಿಲ್ಲ, ತಪ್ಪೆಲ್ಲಾ ನನ್ನ ಜೇಬಿನದು.

ಇಲ್ಲಿ ಒಂದು ಕಟ್! ಫ್ಲ್ಯಾಷ್‌ಬ್ಯಾಕಿಗೆ ಹೋಗೋಣ. ಸಿನಿಮಾ ಪತ್ರಿಕೆಯಲ್ಲಿ ಇದೇನಪ್ಪಾ ಜೇಬಿನ ಪುರಾಣ ಅಂತ ಪುಟ ತಿರುವಿಬಿಡಬೇಡಿ ಗೆಳೆಯರೇ. ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಂಡು ಓದುತ್ತಿರುವ ನಿಮ್ಮಲ್ಲಿ ಯಾರೋ ಒಬ್ಬರ ಜೇಬಿನಲ್ಲಿ ಅಂಥದ್ದೇ ಒಂದು ಇದ್ದರೂ ಇರಬಹುದು.

ನಮ್ಮಪ್ಪ ಹತ್ತಿ ಗಿರಣಿಯ ಕೆಲಸಗಾರ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರಿದ್ದ ಕಾಲದ ಕೊನೆಯ ಬಾಲ ಅವನು. ಗಿರಣಿ ನಿಂತ ಮೇಲೆ ಹಮಾಲಿ ಮಾಡಿದ. ದಿನಕ್ಕೆ ಎರಡು ಕಟ್ಟು ಬೀಡಿ. 2014ರಲ್ಲಿ ನಾನು ಸೆಕೆಂಡ್ ಪಿಯುಸಿ ಓದುತ್ತಿದ್ದಾಗ ಅಪ್ಪನ ಶ್ವಾಸಕೋಶ ಕೈಕೊಟ್ಟಿತು. ಮೂರು ತಿಂಗಳು ಆಸ್ಪತ್ರೆ ಬೆಂಚಿನ ಮೇಲೆ ನಾನು ಮಲಗಿದೆ, ಒಳಗೆ ಅಪ್ಪ ಮಲಗಿದ. ನಾನು ಎದ್ದು ಬಂದೆ, ಅಪ್ಪ ಬರಲಿಲ್ಲ. ಕಾಲೇಜಿಗೆ ಮತ್ತೆ ಹೋಗಲಿಲ್ಲ.

ಅಂಥ ಅಪ್ಪನ ಮಗ ಸಿಗರೇಟು ಮುಟ್ಟಬಾರದಿತ್ತು. ಮುಟ್ಟಿದೆ! ಸಿನಿಮಾ ವರದಿ ಬರೆಯೋ ಕೆಲಸ ಅಂದ್ರೆ ಮುಕ್ಕಾಲುಪಾಲು ಕಾಯೋ ಕೆಲಸ. ಹೀರೋ ಬರೋವರೆಗೆ ಕಾಯಿ, ನಿರ್ಮಾಪಕರು ಮಾತಾಡೋವರೆಗೆ ಕಾಯಿ, ಬರೆದ ಮೇಲೆ ಸಂಭಾವನೆಗೆ ಕಾಯಿ. ಕಾಯುವವನ ಕೈಗೆ ಕೆಲಸ ಬೇಕಲ್ಲ. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ಶಿವಾಜಿರಾವ್, ರಜನಿಕಾಂತ್ ಆಗಿ ಸಿಗರೇಟನ್ನು ಗಾಳಿಗೆ ಹಾರಿಸಿ ತುಟಿಯಲ್ಲಿ ಹಿಡಿದ ಮೇಲೆ ನಮ್ಮಂಥವರು ಎಷ್ಟು ಸಿಗರೇಟನ್ನು ನೆಲಕ್ಕೆ ಬೀಳಿಸಿದ್ದೇವೋ! 25 ವರ್ಷ ತುಂಬುವಷ್ಟರಲ್ಲಿ ದಿನಕ್ಕೆ ಹತ್ತು.

2023ರಲ್ಲಿ ಬೆಂಗಳೂರಿನಿಂದ ಬಂದ ಗೆಳೆಯನೊಬ್ಬ ಒಂದು ಯಂತ್ರ ಕೈಗಿಟ್ಟ. ಬೆಂಕಿಪೊಟ್ಟಣಕ್ಕಿಂತ ದಪ್ಪ, ಮೊಬೈಲಿಗಿಂತ ಗಿಡ್ಡ. ತಲೆಯ ಮೇಲೆ ಗಾಜಿನ ಸಣ್ಣ ತೊಟ್ಟಿ, ಒಳಗೆ ಬೆಲ್ಲದ ಪಾಕದಂಥ ದ್ರವ, ಪಕ್ಕದಲ್ಲಿ ಪುಟಾಣಿ ಪರದೆ. ಗುಂಡಿ ಒತ್ತಿ ಎಳೆದರೆ ಮೋಡದಂಥ ಹೊಗೆ. ‘ವೇಪು ಅಂತಾರೆ ಕಣೋ. ಬೆಂಕಿ ಇಲ್ಲ, ಬೂದಿ ಇಲ್ಲ, ಟಾರು ಇಲ್ಲ’ ಅಂದ. ಇದನ್ನು 2003ರ ಹೊತ್ತಿಗೆ ಕಂಡುಹಿಡಿದವರು ಚೀನಾದ ಔಷಧ ತಜ್ಞ ಹಾನ್ ಲಿಕ್. ಸ್ವತಃ ವಿಪರೀತ ಸಿಗರೇಟು ಸೇದುತ್ತಿದ್ದವರು, ಅವರ ತಂದೆ ಹೋದದ್ದೂ ಶ್ವಾಸಕೋಶದ ಕ್ಯಾನ್ಸರಿನಿಂದ. ಇದನ್ನು ಓದಿದ ಮೇಲೆ ಕೇಳಬೇಕೇ? ನನ್ನ ಕತೆಯನ್ನೇ ಯಾರೋ ಚೀನಾದಲ್ಲಿ ಮೊದಲೇ ಶೂಟಿಂಗ್ ಮಾಡಿಬಿಟ್ಟಿದ್ದಾರೆ ಅನ್ನಿಸಿತು.

ಕಾನೂನು ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತೆ. ಕರ್ನಾಟಕ ಸರ್ಕಾರ 2016ರಲ್ಲೇ ಇದಕ್ಕೆ ನಿಷೇಧ ಹೇರಿತ್ತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರದ ಸುಗ್ರೀವಾಜ್ಞೆ ಬಂತು, ಡಿಸೆಂಬರಿನಲ್ಲಿ ಕಾಯ್ದೆಯೇ ಆಯಿತು. ತಯಾರಿಸಿದರೆ, ತರಿಸಿದರೆ, ಮಾರಿದರೆ ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ನಾನೂ ಇಟ್ಟುಕೊಂಡೆ. ಸಿನಿಮಾ ಶುರುವಾಗುವ ಮೊದಲು ತಂಬಾಕಿನ ಎಚ್ಚರಿಕೆ ಬರುತ್ತಲ್ಲ, ಅದು ಬಂದಾಗ ತಲೆ ತಗ್ಗಿಸುತ್ತಿದ್ದ ನಾನು ಈಗ ತಲೆ ಎತ್ತಿ ಕೂತೆ. ನಂದು ತಂಬಾಕೇ ಅಲ್ಲವಲ್ಲ! ದ್ರವದೊಳಗಿನ ನಿಕೋಟಿನ್ ಮಾತ್ರ ಅದೇ ಹಳೇ ನಿಕೋಟಿನ್ನೇ ಅನ್ನೋದನ್ನು ಯಾಕೋ ಯೋಚಿಸಲಿಲ್ಲ.

ಆರು ತಿಂಗಳು ಯಂತ್ರ ಹೇಳಿದ ಮಾತು ಕೇಳಿತು. ಆಮೇಲೆ ಹಟ ಶುರು. ರಾತ್ರಿಯಿಡೀ ಚಾರ್ಜು ಮಾಡಿದರೂ ಬೆಳಗ್ಗೆ ನಾಲ್ಕು ಸಲ ಎಳೆದರೆ ಬ್ಯಾಟರಿ ಖಾಲಿ ಅನ್ನುತ್ತೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಮತ್ತೆ ಅರ್ಧ ತುಂಬಿದೆ! ಒಮ್ಮೊಮ್ಮೆ ಮೇಲಿನ ತೊಟ್ಟಿಯೇ ಇಲ್ಲ ಅಂತ ಪರದೆ ಮೇಲೆ ಬರೆಯುತ್ತೆ, ಕಣ್ಣೆದುರಿಗೇ ತೊಟ್ಟಿ ಇದೆ. ಶಾಖ 220 ಡಿಗ್ರಿಗೆ ನಿಲ್ಲಲಿ ಅಂತ ಇಟ್ಟರೆ ಒಂದು ದಿನ ಹೊಗೆಯೇ ಇಲ್ಲ, ಇನ್ನೊಂದು ದಿನ ಗಂಟಲಿಗೆ ಕಾದ ಸೌಟು ಇಟ್ಟ ಹಾಗೆ. ಸುಟ್ಟ ಹತ್ತಿಯ ರುಚಿ.

ಯಾರನ್ನು ಕೇಳೋದು? ಟಿವಿ ಕೆಟ್ಟರೆ ಅಂಗಡಿ ಇದೆ, ಮೊಬೈಲ್ ಕೆಟ್ಟರೆ ಬೀದಿಗೆ ಹತ್ತು ಅಂಗಡಿ. ಕಳ್ಳಮಾಲಿಗೆ ಗ್ಯಾರಂಟಿ ಎಲ್ಲಿ, ರಿಪೇರಿ ಎಲ್ಲಿ? ನಾನೇ ಡಾಕ್ಟರಾದೆ. ಕುಟ್ಟಿದೆ, ಊದಿದೆ, ಸೇಫ್ಟಿ ಪಿನ್ನಿನಿಂದ ಕೆರೆದೆ. ಮೊಬೈಲಿನ ಫಾಸ್ಟ್ ಚಾರ್ಜರ್ ಚುಚ್ಚಿ ದಿಂಬಿನ ಕೆಳಗಿಟ್ಟು ಮಲಗಿದೆ. ಪಕ್ಕದ ಚಾಪೆಯ ಮೇಲೆ ಅಮ್ಮ ಮಲಗಿರುತ್ತಿದ್ದಳು. ಈಗ ಅದನ್ನು ನೆನೆದರೆ ಬೆವರು ಬರುತ್ತೆ.

ಕೊನೆಗೆ ಹರಿಹರದ ಬಸ್ ಹತ್ತಿದೆ. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರು. ಅಲ್ಲಿ ನನ್ನ ಸೋದರಮಾವ ಇದ್ದಾನೆ.

ಮಾವನ ಬಗ್ಗೆ ಹೇಳದಿದ್ದರೆ ಸಿನಿಮಾ ಪತ್ರಿಕೆಗೆ ಅಪಚಾರ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೊಜೆಕ್ಟರ್ ಆಪರೇಟರ್ ಆಗಿದ್ದವನು. ಮೊದಲು ಟೂರಿಂಗ್ ಟಾಕೀಸು, ಆಮೇಲೆ ಪಕ್ಕಾ ಥಿಯೇಟರು. ಅಣ್ಣಾವ್ರು, ವಿಷ್ಣು, ಶಂಕರ್‌ನಾಗ್, ಅಂಬರೀಶ್ ಎಲ್ಲರೂ ಅವನ ಕೈಯಿಂದ ಬೆಳಕಾಗಿ ಹೊರಟವರೇ. ಪ್ರಿಂಟು ಹೋಗಿ ಡಿಜಿಟಲ್ ಬಂದಾಗ ಮನೆಗೆ ಬಂದ. ಈಗ ಹರಿಹರದಲ್ಲಿ ಮಗನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಒಂದು ಸ್ಟೂಲಿನ ಮೇಲೆ ಕೂತು, ಕನ್ನಡಕದ ಮೇಲೊಂದು ಭೂತಗನ್ನಡಿ ಹಿಡಿದು ಬೆಸುಗೆ ಹಾಕುತ್ತಾನೆ. ಜೀವಮಾನದಲ್ಲಿ ಒಂದು ಬೀಡಿ ಸೇದಿದವನಲ್ಲ. ‘ಕ್ಯಾಬಿನ್‌ನಾಗೆ ಬೀಡಿ ಹಚ್ಚಿದ್ರೆ ಆವತ್ತೇ ಕೆಲಸ ಹೋಕ್ಕಿತ್ತು. ಆಮ್ಯಾಲೆ ರುಚಿನೇ ಗೊತ್ತಾಗ್ಲಿಲ್ಲ’ ಅನ್ನುತ್ತಾನೆ. 1950ರ ದಶಕದ ಶುರುವಿನ ತನಕ ರೀಲುಗಳನ್ನು ನೈಟ್ರೇಟಿನಲ್ಲಿ ಮಾಡುತ್ತಿದ್ದರಂತೆ. ಕಿಡಿ ತಾಗಿದರೆ ಮದ್ದಿನ ಹಾಗೆ ಭಗ್ಗನೆ ಹತ್ತುತ್ತಿತ್ತು. ಆಮೇಲಿನ ರೀಲು ಅಷ್ಟು ಕ್ರೂರಿಯಲ್ಲ, ಆದರೂ ಕ್ಯಾಬಿನ್ನಿನ ಶಿಸ್ತು ಹಾಗೇ ಉಳಿಯಿತು.

ಯಂತ್ರವನ್ನು ಮುಂದಿಟ್ಟೆ. ಬೈಗುಳ ನಿರೀಕ್ಷಿಸಿದ್ದೆ. ಮಾವ ಅದನ್ನು ಅಂಗೈಯಲ್ಲಿ ತೂಗಿ ನೋಡಿದ.

‘ಏನಲೇ ತಮ್ಮಾ ಇದು? ಆರ್ಕ್ ಲ್ಯಾಂಪು!’

ನನಗೆ ಅರ್ಥವಾಗಲಿಲ್ಲ.

‘ಅಲ್ಲಲೇ, ಕರೆಂಟು ಐತಿ, ಕೆಂಪಗಾಗೋ ತುದಿ ಐತಿ, ಅದರ ಮುಂದೆ ಸುಡಬಾರದ್ದು ಒಂದು ಐತಿ. ನಮ್ಮ ಕ್ಯಾಬಿನ್‌ನಾಗೂ ಅಷ್ಟೇ ಇದ್ದದ್ದು. ಕಾರ್ಬನ್ ಕಡ್ಡಿ ಬದಲು ಇದರಾಗೆ ತಂತಿ, ರೀಲಿನ ಬದಲು ಹತ್ತಿ. ಅಷ್ಟೇ.’

ನನ್ನ ಆರು ತಿಂಗಳ ಪರದಾಟವನ್ನು ಮಾವ ಒಂದು ಮಧ್ಯಾಹ್ನದಲ್ಲಿ ಬಿಡಿಸಿಟ್ಟ. ಮೊದಲು ಸೆಲ್ಲನ್ನು ಹೊರಗೆಳೆದ. ಹೆಬ್ಬೆರಳಿಗಿಂತ ಉದ್ದ. ಇದಕ್ಕೆ 18650 ಅನ್ನುತ್ತಾರೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ದುಂಡಗಿದೆ ಅನ್ನೋದಕ್ಕೆ. ತುಂಬಿದಾಗ 4.2 ವೋಲ್ಟು, ಬಳಸುವಾಗ ಸರಾಸರಿ 3.7ರ ಆಸುಪಾಸು, 3ರ ಕೆಳಗೆ ಇಳಿಸಬಾರದು. ಮಲ್ಟಿಮೀಟರ್ ಇಟ್ಟರೆ 4.1 ತೋರಿಸಿತು. ನಾನು ಗೆದ್ದವನ ಹಾಗೆ ನೋಡಿದೆ. ಮಾವ ಅದನ್ನು ಯಂತ್ರಕ್ಕೆ ಹಾಕಿ ತಂತಿ ಕಾಯಿಸುತ್ತಲೇ ಮತ್ತೆ ಮೀಟರ್ ಇಟ್ಟ. ಮುಳ್ಳು ದಡಕ್ಕನೆ 3.1ಕ್ಕೆ ಬಿತ್ತು! ಕೈ ಬಿಟ್ಟರೆ ಮತ್ತೆ ಮೇಲೆ.

‘ನಿಂತಾಗ ಪೈಲ್ವಾನ, ಮೂಟೆ ಹೊರಿಸಿದ್ರೆ ಕುಸೀತಾನೆ. ಒಳಗೆ ರೆಸಿಸ್ಟೆನ್ಸ್ ಏರೈತಿ. ಹಳೇ ಸೆಲ್ಲಿಗೆ ಹಿಂಗೇ ಆಕ್ಕತಿ. ಅದಕ್ಕೇ ನಾಕು ದಮ್ಮಿಗೆ ಖಾಲಿ ಅಂತತಿ, ಸುಧಾರಿಸ್ಕೊಂಡ್ರೆ ಅರ್ಧ ಅಂತತಿ.’

ಸೆಲ್ಲಿನ ಮೈಮೇಲೆ 9900 ಎಂಎಎಚ್ ಅಂತ ಅಚ್ಚಾಗಿತ್ತು. ಮಾವ ನಕ್ಕ. ಈ ಗಾತ್ರದ ಒಳ್ಳೇ ಸೆಲ್ಲಿನಲ್ಲಿ ಸಾಮಾನ್ಯವಾಗಿ ಹಿಡಿಯೋದು 2500ರಿಂದ 3500. ಎದ್ದು ಪಕ್ಕದ ಅಕ್ಕಸಾಲಿಗರ ಅಂಗಡಿಗೆ ಹೋಗಿ ಚಿನ್ನದ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದ. ಅಸಲಿ ಸೆಲ್ಲು 45 ಗ್ರಾಮಿನ ಸುತ್ತಮುತ್ತ ಇರಬೇಕಂತೆ. ನನ್ನದು 31! ಚಿನ್ನದಲ್ಲಿ ಇಷ್ಟು ಮೋಸವಾಗಿದ್ದರೆ ಪಂಚಾಯ್ತಿ ಸೇರುತ್ತಿತ್ತು.

ತೊಟ್ಟಿ ಇಲ್ಲ ಅನ್ನೋ ರೋಗ ಚಿಕ್ಕದು. ತೊಟ್ಟಿ ತಿರುಗಿಸಿ ಕೂರಿಸೋ ಜಾಗದ ನಡುವೆ ಒಂದು ಹಿತ್ತಾಳೆ ಮೊಳೆ ಇರುತ್ತೆ. ನಾನು ಜೋರಾಗಿ ತಿರುಗಿಸಿ ತಿರುಗಿಸಿ ಅದು ಒಳಕ್ಕೆ ಹೋಗಿತ್ತು, ಮೇಲೆ ಪಾಕ ಸೋರಿ ಅಂಟಾಗಿತ್ತು. ಸೆಲ್ಲು ಹೊರಗಿಟ್ಟುಕೊಂಡೇ ಹತ್ತಿಕಡ್ಡಿಗೆ ಐಪಿಎ ಅದ್ದಿ ಒರೆಸಿ, ಮೊಳೆಯನ್ನು ಕೂದಲೆಳೆಯಷ್ಟು ಮೇಲೆತ್ತಿದ. ಮುಗೀತು.

ಆಮೇಲೆ ಅವನು ಬಹಳ ಹೊತ್ತು ನಿಂತದ್ದು ಆ ಶಾಖದ ವಿಷಯದ ಮೇಲೆ. ನನಗೂ ಅದೇ ಸೋಜಿಗ. 220 ಡಿಗ್ರಿ ಅಂತ ಅಳೆಯೋಕೆ ಯಂತ್ರದೊಳಗೆ ಥರ್ಮಾಮೀಟರ್ ಎಲ್ಲಿದೆ? ಇಲ್ಲವೇ ಇಲ್ಲ! ಅದು ತಂತಿಯ ರೆಸಿಸ್ಟೆನ್ಸ್ ನೋಡಿ ಲೆಕ್ಕ ಹಾಕುತ್ತೆ. ಕೆಲವು ಲೋಹ ಕಾದಷ್ಟೂ ಕರೆಂಟಿಗೆ ಅಡ್ಡಿ ಮಾಡುತ್ತವೆ. ನಿಕಲ್ ತಂತಿ 100 ಡಿಗ್ರಿ ಏರಿದರೆ ಅದರ ಅಡ್ಡಿ ನೂರಕ್ಕೆ ಸುಮಾರು 60 ಪಾಲು ಹೆಚ್ಚುತ್ತೆ. ಸ್ಟೇನ್‌ಲೆಸ್ ಸ್ಟೀಲ್ ಆದರೆ ನೂರಕ್ಕೆ ಹತ್ತಕ್ಕಿಂತ ತುಸು ಕಡಿಮೆ. ಟೈಟಾನಿಯಂ ಇವೆರಡರ ನಡುವೆ. ತಣ್ಣಗಿದ್ದಾಗ ಇಷ್ಟಿತ್ತು, ಈಗ ಇಷ್ಟಾಗಿದೆ, ಅಂದರೆ ಇಷ್ಟು ಡಿಗ್ರಿ ಕಾದಿದೆ. ಇದು ಅದರ ಗಣಿತ.

‘ಈ ತಂತಿ ಎಲ್ಲಿ ತಂದೆ?’

‘ಇಸ್ತ್ರಿ ಪೆಟ್ಟಿಗೆ ರಿಪೇರಿ ಅಂಗಡೀಲಿ ಹೀಟರ್ ತಂತಿ ಅಂತ ಕೊಟ್ರು ಮಾವ.’

ಮಾವ ಹಣೆ ಚಚ್ಚಿಕೊಂಡ. ಅದು ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆಸಿ ಮಾಡಿದ ಕ್ಯಾಂಥಾಲ್ ಜಾತಿಯ ತಂತಿ. ಕಾದರೂ ಅದರ ರೆಸಿಸ್ಟೆನ್ಸ್ ಹೆಚ್ಚುಕಮ್ಮಿ ಅಲ್ಲೇ ಇರುತ್ತೆ. ಅದನ್ನು ಹಾಕಿ ನಿಕಲ್ ಅಂತ ಯಂತ್ರಕ್ಕೆ ಹೇಳಿದರೆ, ತಂತಿ ಕೆಂಪಗಾದರೂ ಯಂತ್ರ ‘ಇನ್ನೂ ತಣ್ಣಗಿದೆ’ ಅಂದುಕೊಂಡು ಪವರ್ ತುಂಬುತ್ತಲೇ ಇರುತ್ತೆ. ಗಂಟಲಿಗೆ ಕಾದ ಸೌಟು ಇಟ್ಟದ್ದು ಇದೇ. ತಂತಿ ಸರಿಯಾದದ್ದೇ ಆದರೂ ಇನ್ನೊಂದು ಗುಂಡಿ ಇದೆ. ಯಂತ್ರ ಮೊದಲ ಅಳತೆ ತೆಗೆದುಕೊಳ್ಳುವಾಗ ತಂತಿ ಪೂರ್ತಿ ತಣ್ಣಗಿರಬೇಕು. ನಾನು ಒಂದು ತೊಟ್ಟಿ ಮುಗಿದ ಕೂಡಲೇ ಬಿಸಿಬಿಸಿಯಾಗಿರುವಾಗಲೇ ಬಿಚ್ಚಿ ಹಾಕಿ ಹೊಸ ಲೆಕ್ಕ ಶುರುಮಾಡಿಸುತ್ತಿದ್ದೆ. ಬಿಸಿಯನ್ನೇ ತಂಪು ಅಂತ ಬರೆದುಕೊಂಡವನು ಸುಡುವುದನ್ನು ಬೆಚ್ಚಗಿದೆ ಅನ್ನುತ್ತಾನೆ! ಹೊಗೆ ಬಾರದ ದಿನದ ಕತೆ ತಿರುಗಾಮುರುಗಾ. ತಂತಿ ಬಿಗಿದ ಸ್ಕ್ರೂ ಸಡಿಲವಾಗಿ ಅಲ್ಲೇ ಒಂದಿಷ್ಟು ರೆಸಿಸ್ಟೆನ್ಸ್ ಹುಟ್ಟಿ, ಯಂತ್ರ ಆಗಲೇ ಕಾದಿದೆ ಅಂತ ಮೋಸ ಹೋಗಿ ಪವರ್ ನಿಲ್ಲಿಸುತ್ತಿತ್ತು.

‘ಪ್ರೊಜೆಕ್ಟರ್ ಗೇಟಿನಾಗೆ ರೀಲು ಓಡ್ತಿರಬೇಕು. ಒಂದು ಕಡೆ ಸಿಕ್ಕೊಂಡು ನಿಂತ್ರೆ ಶಟರ್ ಬೀಳ್ಬೇಕು, ಇಲ್ಲಂದ್ರೆ ಹೀರೋಯಿನ್ ಮುಖದ ಮ್ಯಾಲೆ ತೂತು ಬಿತ್ತು. ಇದರಾಗೂ ಪಾಕ ಹತ್ತಿಗೆ ಏರ್ತಿರಬೇಕು. ಪಾಕ ನಿಂತ್ರೆ ಹತ್ತಿ ಸುಡ್ತತಿ. ನಿನ್ನ ಶಟರ್ ಅಳತೆನೇ ಸುಳ್ಳು, ಇನ್ನ ಬೀಳೋದೆಲ್ಲಿ?’

ಪರದೆಯ ಮೇಲೆ ಚಿತ್ರ ಗುಳ್ಳೆಯೆದ್ದು ಕಂದಾಗಿ ತೂತಾಗಿದ್ದನ್ನು ಹಳಬರು ನೋಡಿದ್ದೀರಿ. ಅದನ್ನೇ ನಾನು ಎದೆಯೊಳಗೆ ಎಳೆದುಕೊಳ್ಳುತ್ತಿದ್ದೆ. ಆ ಪಾಕದಲ್ಲಿರೋದು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಮೊದಲನೆಯದು ಕುದಿಯೋದು 188 ಡಿಗ್ರಿಗೆ, ಎರಡನೆಯದು 290ಕ್ಕೆ. ಮಿತಿಮೀರಿ ಕಾದರೆ ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಥರದ ವಿಷ ಹುಟ್ಟುತ್ತವೆ. ಅಕ್ರೋಲಿನ್ ಅಂದರೆ ಯಾವುದೋ ಲ್ಯಾಬಿನ ವಸ್ತು ಅಂದುಕೊಳ್ಳಬೇಡಿ. ಮಿರ್ಚಿ ಕರಿಯೋ ಬಾಣಲೆಯ ಎಣ್ಣೆ ಅತಿಯಾಗಿ ಕಾದು ಕಣ್ಣು ಮೂಗು ಉರಿಸೋ ಹೊಗೆ ಏಳುತ್ತಲ್ಲ, ಆ ಘಾಟು ಅದರದ್ದೇ. ದಾವಣಗೆರೆಯವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2019ರಲ್ಲಿ ಅಮೆರಿಕದಲ್ಲಿ ಇಂಥ ಹೊಗೆ ಎಳೆದವರ ಶ್ವಾಸಕೋಶ ಕೆಟ್ಟು, 2020ರ ಫೆಬ್ರುವರಿ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು, 68 ಮಂದಿ ತೀರಿಕೊಂಡಿದ್ದರು. ಅಲ್ಲಿ ಮುಖ್ಯ ಖಳನಾಯಕ ಗಾಂಜಾ ಸತ್ವದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ನನ್ನ ಬಾಟಲಿಯೊಳಗೆ ಯಾರು ಏನು ಬೆರೆಸಿದ್ದರೋ, ಅದರ ಮೇಲೆ ಒಂದು ಹೆಣ್ಣುಮಗುವಿನ ಕಾರ್ಟೂನು, ಎರಡು ಮಾವಿನಹಣ್ಣು ಬಿಟ್ಟರೆ ಒಂದಕ್ಷರ ಇರಲಿಲ್ಲ.

‘ತಂತಿ ಎಷ್ಟು ಓಮ್?’ ಮಾವ ಮೀಟರ್ ಇಟ್ಟು ನೋಡಿದ. 0.15. ಬೆಂಕಿಪೊಟ್ಟಣದ ಹಿಂಬದಿ ಮೇಲೆ ಲೆಕ್ಕ ಬರೆದ. 4.2ನ್ನು 0.15ರಿಂದ ಭಾಗಿಸು. 28 ಆಂಪಿಯರ್!

ಮಾವ ಪೆನ್ಸಿಲ್ ಕೆಳಗಿಟ್ಟ. ‘ಟೆಂಟಿನಾಗೆ ನಾವು ಆರ್ಕ್ ಉರಿಸ್ತಿದ್ದದ್ದೇ ಮೂವತ್ತು ನಲವತ್ತು ಆಂಪಿಯರ್‌ಗೆ. ಅದಕ್ಕೆ ಆಳೆತ್ತರದ ರೆಕ್ಟಿಫೈಯರ್, ಕಬ್ಬಿಣದ ಮನೆ, ಹೊಗೆ ಹೋಗೋಕೆ ಚಿಮಣಿ. ನೀನು ಬೆರಳಿನಷ್ಟು ಸೆಲ್ಲಿನಿಂದ ಎಳೀತಿದಿ, ಅದೂ ನಕಲಿ. ವೋಲ್ಟು ಕಮ್ಮಿ ಇರಬೌದು, ಕರೆಂಟು ಕರೆಂಟೇ ಅಲ್ಲೇನಲೇ?’

ಕೊನೆಗೆ ಅವನು ತೋರಿಸಿದ್ದು ಸೆಲ್ಲಿನ ಮೇಲ್ತುದಿ. ಪ್ಲಸ್ಸು ಅಂದರೆ ನಡುವಿನ ಗುಬ್ಬಿ ಮಾತ್ರ. ಅದರ ಸುತ್ತಲಿನ ಅಂಚು, ಪಕ್ಕ, ತಳ, ಇಡೀ ಡಬ್ಬಿಯೇ ಮೈನಸ್ಸು. ನಡುವೆ ಇರೋದು ಉಗುರಿನಗಲದ ಉಂಗುರ, ಮೇಲೆ ತೆಳ್ಳನೆ ಪ್ಲಾಸ್ಟಿಕ್ ಸಿಪ್ಪೆ. ನನ್ನ ಸೆಲ್ಲಿನ ಸಿಪ್ಪೆ ಅಂಚಿನಲ್ಲಿ ಹರಿದಿತ್ತು. ‘ಇಲ್ಲಿ ಒಂದು ಕೀಲಿಕೈ, ಒಂದು ರೂಪಾಯಿ ತಾಗಿದ್ರೆ ಸಾಕು. ಇದನ್ನ ಇಲ್ಲೇ ಬಿಟ್ಟೋಗು. ಇಡೀ ಯಂತ್ರನೇ ಬಿಟ್ಟೋಗು ಅಂದ್ರೂ ನೀನು ಕೇಳೋನಲ್ಲ.’

ಕೇಳಲಿಲ್ಲ. ಅಸಲಿ ಸೆಲ್ಲು ಹುಡುಕಿ ಕೊಂಡೆ, ಸರಿಯಾದ ತಂತಿ ಹಾಕಿಕೊಂಡೆ. ಯಂತ್ರ ರಾಜಾಹುಲಿಯ ಹಾಗೆ ಓಡಿತು. ಹಳೇ ಸೆಲ್ಲನ್ನು ಮಾತ್ರ ಮಾವನ ಕಣ್ಣು ತಪ್ಪಿಸಿ ಜೇಬಿಗಿಳಿಸಿಕೊಂಡಿದ್ದೆ. ದುಡ್ಡು ಕೊಟ್ಟು ತಂದದ್ದಲ್ಲವೇ, ಇರಲಿ ಒಂದು ಸ್ಪೇರು!

ಫ್ಲ್ಯಾಷ್‌ಬ್ಯಾಕ್ ಮುಗೀತು. ಆ ಭಾನುವಾರ ಥಿಯೇಟರಿಗೆ ಹೋಗುವ ಮೊದಲು ಅಕ್ಕ, ಪುಟ್ಟಿ, ನಾನು ಮಂಡಕ್ಕಿ ಮಿರ್ಚಿ ತಿಂದೆವು. ಅಂಗಡಿಯವರು ಕೊಟ್ಟ ಚಿಲ್ಲರೆಯನ್ನು ಬಲಜೇಬಿಗೆ ಹಾಕಿಕೊಂಡೆ. ಅದೇ ಜೇಬಿನಲ್ಲಿ ಸ್ಪೇರ್ ಸೆಲ್ಲಿತ್ತು.

ಪುಟ್ಟಿಯನ್ನು ಎತ್ತಿ ಅಕ್ಕನ ಮಡಿಲಿಗೆ ಎಸೆದೆ ಅಂತಲೇ ಹೇಳಬೇಕು. ‘ಏನೋ, ಏನಾಯ್ತೋ’ ಅಂತ ಅಕ್ಕ ಕೂಗಿದ್ದು ಸಿಳ್ಳೆಯಲ್ಲಿ ಮುಳುಗಿತು. ಕಾಲ ಕೆಳಗೆಲ್ಲಾ ಅಭಿಮಾನಿಗಳು ಎಸೆದ ಕಾಗದದ ಚೂರು. ಇಲ್ಲಿ ಇದನ್ನು ಕಿತ್ತೆಸೆದರೆ? ‘ಬೆಂಕಿ’ ಅಂತ ಒಂದು ಮಾತು ನನ್ನ ಬಾಯಿಂದ ಬಂದಿದ್ದರೆ ಆ ಕತ್ತಲಲ್ಲಿ ನೂರಾರು ಜನ ಬಾಗಿಲಿಗೆ ನುಗ್ಗುತ್ತಿದ್ದರು. ನಾನು ಹುಟ್ಟಿದ ವರ್ಷ, 1997ರ ಜೂನ್ 13ರಂದು, ದೆಹಲಿಯ ಉಪಹಾರ್ ಥಿಯೇಟರಿನಲ್ಲಿ ‘ಬಾರ್ಡರ್’ ನೋಡಲು ಹೋದ 59 ಮಂದಿ ಹೊಗೆಯಲ್ಲಿ ಉಸಿರುಗಟ್ಟಿ ಸತ್ತರು. ಆ ಗಳಿಗೆಯಲ್ಲಿ ಅದೇನೂ ನೆನಪಾಗಲಿಲ್ಲ. ಹಲ್ಲು ಕಚ್ಚಿಕೊಂಡು ಜೇಬನ್ನು ಮೈಯಿಂದ ದೂರ ಎಳೆದು ಹಿಡಿದು ಕುಂಟುತ್ತಾ ಓಡಿದೆ, ಅಷ್ಟೇ.

ಹೊರಗಿನ ಓಣಿಯಲ್ಲಿ ಕೆಂಪು ಬಕೆಟುಗಳು. ಮೊದಲನೆಯದರ ತುಂಬಾ ಗುಟ್ಕಾ ಚೀಟಿ. ಎರಡನೆಯದರಲ್ಲಿ ಮರಳು! ಜೇಬನ್ನು ಒಳಹೊರಗು ಮಾಡಿ ಕೊಡವಿದೆ. ಚಿಲ್ಲರೆ ಚೆಲ್ಲಿತು. ಸೆಲ್ಲು ಮರಳಿನ ಮೇಲೆ ಬಿದ್ದು ‘ಸುಂಯ್’ ಅಂತ ಸೀಟಿ ಹೊಡೆಯಿತು. ಉಗುರುಬಣ್ಣದಂಥ ಸಿಹಿ ವಾಸನೆ, ಬಿಳೀ ಹೊಗೆ.

‘ಏನಲೇ ಅದು, ಪಟಾಕಿನಾ?’ ಗೇಟಿನ ತಾತ ಓಡಿ ಬಂದ. ಮೂರನೇ ಬಕೆಟ್ ಎತ್ತಿ ಅದರ ಮೇಲೆ ಸುರಿದ. ಇಬ್ಬರೂ ಸೇರಿ ಬಕೆಟನ್ನು ಬಯಲಿಗೆ ಎಳೆದೆವು. ಮರಳು ಕಿಡಿ ಹಾರದ ಹಾಗೆ ತಡೆಯುತ್ತೆ, ಆದರೆ ತಂಪು ಮಾಡೋದಿಲ್ಲ. ಒಳಗೆ ಕಾವು ಗಂಟೆಗಟ್ಟಲೆ ಇರುತ್ತೆ, ಮತ್ತೆ ಹೊತ್ತಿಕೊಂಡರೂ ಹೊತ್ತಿಕೊಂಡೀತು. ಈ ಸಣ್ಣ ಸೆಲ್ಲಿಗೆ ಕಾವು ಇಳಿಯೋವರೆಗೆ ದೂರದಿಂದ ಧಾರಾಳ ನೀರು ಸುರಿಯೋದೇ ಮೇಲು, ಆ ಹೊಗೆಯನ್ನು ಮಾತ್ರ ಮೂಗಿಗೆ ಎಳೆದುಕೊಳ್ಳಬಾರದು ಅಂತ ಮಾವ ಆಮೇಲೆ ಹೇಳಿದ. ತಾತ ನನ್ನ ತೊಡೆ ನೋಡಿ ಸೀದಾ ನಲ್ಲಿಯ ಕೆಳಗೆ ಕೂರಿಸಿ ಇಪ್ಪತ್ತು ನಿಮಿಷ ಎಬ್ಬಿಸಲಿಲ್ಲ. ಯಾರೋ ಟೂತ್‌ಪೇಸ್ಟ್ ಹಚ್ಚಿ ಅಂದವನನ್ನು ಗದರಿಸಿ ಓಡಿಸಿದ. ಆ ತಾತನ ನೀರಿನಿಂದಲೇ ಗಾಯ ಆಳಕ್ಕಿಳಿಯಲಿಲ್ಲ ಅಂತ ಡಾಕ್ಟರು ಹೇಳಿದರು. ಐದು ರೂಪಾಯಿ ನಾಣ್ಯದ ಅಂಚು ಇವತ್ತಿಗೂ ತೊಡೆಯ ಮೇಲೆ ಅಚ್ಚಾಗಿದೆ.

‘ಅಪ್ಪು’ ಕ್ಲೈಮ್ಯಾಕ್ಸ್ ಎರಡನೇ ಸಲ ನೋಡೋಕೆ ಆಗಲೇ ಇಲ್ಲ.

ಆಟೋದಲ್ಲಿ ಅಕ್ಕ ಮಾತಾಡಲಿಲ್ಲ. ಜೇಬಿನ ಸುಟ್ಟ ತೂತನ್ನೂ, ತನ್ನ ತೋಳಿನ ಮೇಲೆ ಮತ್ತೆ ನಿದ್ದೆ ಹೋಗಿದ್ದ ಪುಟ್ಟಿಯ ಕಾಲನ್ನೂ ನೋಡುತ್ತಾ ಬಂದಳು. ಪುಟ್ಟಿಯ ಕಾಲು ಸರಿಯಾಗಿ ಆ ಜೇಬಿನ ಮೇಲೇ ಇತ್ತು. ರೈಲ್ವೆ ಗೇಟಿನಲ್ಲಿ ಆಟೋ ನಿಂತಿತು. ಗೂಡ್ಸ್ ಗಾಡಿ ಮುಗಿಯೋವರೆಗೂ ಸುಮ್ಮನಿದ್ದು ಆಮೇಲೆ ಹೇಳಿದಳು:

‘ಅಪ್ಪ ಅಷ್ಟು ಬೀಡಿ ಸೇದ್ತಿದ್ದ. ಆದ್ರೂ ನಿನ್ನ ಮಡಿಲಲ್ಲಿ ಕೂರಿಸ್ಕೊಂಡಾಗ ಒಂದು ದಿನ ಹಚ್ಚಲಿಲ್ಲ.’

ಮರುದಿನ ಕುಂಟುತ್ತಾ ಹರಿಹರಕ್ಕೆ ಹೋದೆ. ಮಾವ ಒಂದು ಮಾತು ಬೈಯಲಿಲ್ಲ. ಯಂತ್ರವನ್ನು ಬಿಚ್ಚಿ, ಒಳ್ಳೇ ಸೆಲ್ಲಿನ ಎರಡೂ ತುದಿಗೆ ಇನ್ಸುಲೇಷನ್ ಟೇಪು ಸುತ್ತಿ, ಅಂಗಡಿಯಲ್ಲಿ ಸೇರಿದ ಉಬ್ಬಿದ ಮೊಬೈಲ್ ಬ್ಯಾಟರಿಗಳ ಜೊತೆ ಮರಳು ತುಂಬಿದ ತಗಡಿನ ಡಬ್ಬಿಗೆ ಹಾಕಿದ. ಕಸದ ಗಾಡಿಗೆ ಹಾಕಿದರೆ ಅಲ್ಲಿ ಜಜ್ಜಿ ಹೋಗಿ ಗಾಡಿಯೇ ಹೊತ್ತಿಕೊಳ್ಳುತ್ತಂತೆ. ಅವನು ಅದನ್ನೆಲ್ಲಾ ಇ-ತ್ಯಾಜ್ಯ ಒಯ್ಯುವವರಿಗೇ ಕೊಡೋದು. ಪಾಕದ ಬಾಟಲಿಯನ್ನು ಅವನೇ ಇಸಕೊಂಡ.

ಬಿಟ್ಟೆ ಅಂತ ಜಂಬ ಕೊಚ್ಚಿಕೊಳ್ಳೋ ಸ್ಥಿತಿ ನನ್ನದಲ್ಲ. ಮೊದಲ ತಿಂಗಳು ಕೈ ನಡುಗಿತು, ಎರಡು ಸಲ ಸಿಗರೇಟಿಗೆ ಜಾರಿದೆ. 1800-11-2356ಕ್ಕೆ ಫೋನ್ ಮಾಡಿದೆ. ತಂಬಾಕು ಬಿಡುವವರಿಗಾಗಿ ಸರ್ಕಾರ ಇಟ್ಟಿರೋ ನಂಬರು, ಪುಕ್ಕಟೆ. ಮಾತಾಡಿದವರು ಉಪದೇಶ ಮಾಡಲಿಲ್ಲ, ದಿನದಲ್ಲಿ ಯಾವ ಹೊತ್ತಿಗೆ ಬೇಕನ್ನಿಸುತ್ತೆ ಅಂತ ಕೇಳಿದರು. ಕಾಯುವಾಗ ಅಂದೆ. ಈಗ ಕಾಯುವಾಗ ಜೇಬಿನಿಂದ ಶೇಂಗಾ ತೆಗೆಯುತ್ತೇನೆ. ನಿರ್ಮಾಪಕರೊಬ್ಬರು ಮೊನ್ನೆ ಕೈಚಾಚಿ ಇಸಕೊಂಡು ತಿಂದರು. ಸಂಭಾವನೆ ಬಾಕಿಯ ಮಾತು ಮಾತ್ರ ಎತ್ತಲಿಲ್ಲ.

ಪುಟ್ಟಿಗೆ ಆವತ್ತಿನದು ಏನೂ ನೆನಪಿಲ್ಲ, ಅಕ್ಕ ಹೇಳಿದ್ದಷ್ಟೇ ಗೊತ್ತು. ನಾನು ಮನೆಗೆ ಹೋದ ಕೂಡಲೇ ಓಡಿ ಬರುತ್ತಾಳೆ. ಬಂದವಳು ಮೊದಲಿನ ಹಾಗೆ ಸೀದಾ ಮಡಿಲು ಹತ್ತೋದಿಲ್ಲ. ಎದುರಿಗೆ ನಿಂತು, ಸೊಂಟಕ್ಕೆ ಕೈಯಿಟ್ಟು, ಪೊಲೀಸ್ ಇನ್ಸ್‌ಪೆಕ್ಟರ್ ಗತ್ತಿನಲ್ಲಿ ಕೇಳುತ್ತಾಳೆ: ‘ಮಾಮ, ಜೇಬು ತೋರ್ಸು.’

ಎರಡೂ ಜೇಬನ್ನು ಹೊರಗೆಳೆದು ತೋರಿಸುತ್ತೇನೆ. ಶೇಂಗಾ ಸಿಪ್ಪೆ ಉದುರುತ್ತೆ. ಆಮೇಲೆ ಹತ್ತುತ್ತಾಳೆ.